ಹೂಳು ತೆಗೆಸಿದವನ ಫೋಟೊ ಯಾರು ಹಾಕುತ್ತಾರೆ?

ಪತ್ರ: ಹೋದ ಸಂಚಿಕೆಯಲ್ಲಿ ಚೀನಾದ ಚೆನ್‌ಚಾಂಗ್ ಕೋಟೆಯ ಮುತ್ತಿಗೆ ಬಗ್ಗೆ ಬರೆದಿರಿ. ಝೂಗೆ ಲಿಯಾಂಗ್‌ನಂಥ ಚಾಣಾಕ್ಷನನ್ನು ಸೋತವನ ಹಾಗೆ ತೋರಿಸಿದ್ದು ಸರಿಯೇ? ದವಸ ಮುಗಿಯಿತು, ವಾಪಸ್ ಹೋದ, ಅಷ್ಟೇ ಅಲ್ವಾ?

ಉತ್ತರ: ಇಷ್ಟು ಪ್ರೀತಿಯಿಂದ ಜಗಳಕ್ಕೆ ಬರುವ ಓದುಗರು ಸಿಗುವುದೇ ಕಷ್ಟ. ಝೂಗೆ ಲಿಯಾಂಗ್ ಪ್ರಧಾನ ಮಂತ್ರಿಯಾಗಿ ಶು ರಾಜ್ಯವನ್ನು ಅಚ್ಚುಕಟ್ಟಾಗಿ ನಡೆಸಿದ, ಒಪ್ಪಿದೆ. ಆದರೆ ದವಸ ಮುಗಿಯುವ ತನಕ ಅವನನ್ನು ಗೋಡೆಯ ಆಚೆ ನಿಲ್ಲಿಸಿದ್ದು ಯಾರು ಸ್ವಾಮಿ?

ಕ್ರಿ.ಶ. 228ರ ಚಳಿಗಾಲ, ಚೀನಾ ಮೂರು ರಾಜ್ಯಗಳಾಗಿ ಒಡೆದು ಕಾದಾಡುತ್ತಿದ್ದ ಕಾಲ. ಚಿನ್‌ಲಿಂಗ್ ಬೆಟ್ಟ ದಾಟಿ ಬಂದ ಶು ಸೈನಿಕರು ಹತ್ತಾರು ಸಾವಿರ. ಕೋಟೆಯಲ್ಲಿ ಎದುರಾಳಿ ವೇಯ್ ರಾಜ್ಯದ ಸೇನಾನಿ ಹಾವ್ ಝಾವ್, ಜೊತೆಗೆ ಸಾವಿರ ಚಿಲ್ಲರೆ ಜನ. ಶರಣಾಗು ಎನ್ನಲು ಅವನ ಊರಿನವನನ್ನೇ ಕಳಿಸಿದರು. ಎರಡನೇ ಸಲ ಬಂದಾಗ ಹಾವ್ ಝಾವ್, ನಿನ್ನ ಗುರುತು ನನಗಿದೆ, ನನ್ನ ಬಾಣಕ್ಕಿಲ್ಲ ಎಂದ. ಏಣಿ ಹಾಕಿದರೆ ಬೆಂಕಿ ಬಾಣ ಬಿಟ್ಟು ಸುಟ್ಟ. ಗೋಡೆ ಗುದ್ದುವ ಬಂಡಿ ತಂದರೆ ಬೀಸುವ ಕಲ್ಲುಗಳಿಗೆ ಹಗ್ಗ ಕಟ್ಟಿ ಮೇಲಿಂದ ಬೀಳಿಸಿದ. ಕಂದಕ ತುಂಬಿಸಿದರು, ಒಳಗೆ ಇನ್ನೊಂದು ಗೋಡೆ ಎದ್ದಿತು. ಸುರಂಗ ತೋಡಿದರು, ಅಡ್ಡಲಾಗಿ ಅಗೆಸಿ ತಡೆದ. ಹೀಗೇ 20ಕ್ಕೂ ಹೆಚ್ಚು ದಿನ.

ನನಗೆ ಇವನಿಗಿಂತ ಜಾಸ್ತಿ ಇಷ್ಟವಾಗುವವನು ವೇಯ್ ಸೇನಾಪತಿ ತ್ಸಾವ್ ಝೆನ್. ಮುಂದಿನ ಸಲ ಶು ಸೈನ್ಯದವರು ಚೆನ್‌ಚಾಂಗ್ ಕಡೆಯಿಂದಲೇ ಬರುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ, ಹಾವ್ ಝಾವ್‌ನನ್ನು ಅಲ್ಲಿ ಕೂರಿಸಿ ಗೋಡೆ ರಿಪೇರಿ ಮಾಡಿಸಿದವನು. ಆ ರಿಪೇರಿ ಆಗದೇ ಇದ್ದಿದ್ದರೆ ಬೀಸುವ ಕಲ್ಲು ಏನು ಮಾಡುತ್ತಿತ್ತು? ನೆರವಿಗೆ ಹೊರಟ ಇನ್ನೊಬ್ಬ ವೇಯ್ ಸೇನಾನಿ ಝಾಂಗ್ ಹೆ ಕೂಡ ಬೆರಳು ಮಡಚಿ ಶು ಸೈನ್ಯದ ದವಸದ ಲೆಕ್ಕ ಹಾಕಿ, ನಾನು ತಲುಪುವ ಮೊದಲೇ ಅವರು ಹೊರಟಿರುತ್ತಾರೆ ಎಂದು ರಾಜನಿಗೆ ಹೇಳಿದ. ಹಾಗೇ ಆಯಿತು.

ಸಾವಿರ ವರ್ಷ ಕಳೆದ ಮೇಲೆ ಬಂದ ಮೂರು ರಾಜ್ಯಗಳ ಕಾದಂಬರಿ ಏನು ಮಾಡಿತು ಗೊತ್ತಾ? ಹಾವ್ ಝಾವ್‌ನನ್ನು ಕಾಯಿಲೆಯಲ್ಲಿ ಮಲಗಿಸಿ, ಕೋಟೆಯನ್ನು ಝೂಗೆ ಲಿಯಾಂಗ್ ಕೈಗೆ ಕೊಟ್ಟುಬಿಟ್ಟಿತು! ನಿಜವಾದ ಹಾವ್ ಝಾವ್ ಗೆದ್ದ ಮೇಲೆಯೇ ಕಾಯಿಲೆ ಬಿದ್ದು ಸತ್ತ. ಯುದ್ಧದ ಸಾಮಾನಿಗೆ ಮರ ಬೇಕೆಂದು ಎಷ್ಟೋ ಗೋರಿ ಅಗೆಸಿದ್ದೇನೆ, ಆಡಂಬರದ ಸಮಾಧಿಯಿಂದ ಸತ್ತವನಿಗೆ ಏನೂ ಸಿಗಲ್ಲ, ನನ್ನನ್ನು ಸಾದಾ ಬಟ್ಟೆಯಲ್ಲೇ ಹೂಳು ಎಂದು ಮಗನಿಗೆ ಹೇಳಿದನಂತೆ. ಕಾದಂಬರಿಗೆ ಇದು ಬೇಡವಾಯಿತು.

ನಾವೂ ಅಷ್ಟೇ ಬಿಡಿ. ಮಳೆಗಾಲಕ್ಕೆ ಮೊದಲೇ ರಾಜಕಾಲುವೆ ಹೂಳು ತೆಗೆಸಿದ ಎಂಜಿನಿಯರ್ ಫೋಟೊ ಯಾವ ಪೇಪರಲ್ಲಿ ಬಂದಿದೆ? ನೀರು ನುಗ್ಗಿದ ಮೇಲೆ ದೋಣಿ ಹತ್ತಿ ಕೈ ಬೀಸಿದವರಿಗೆ ಮುಖಪುಟ. ಪತ್ರಗಳೂ ಹಾಗೇ, ತಂತ್ರಗಾರರ ಕಥೆ ಹಾಕಿ ಎನ್ನುತ್ತವೆ, ಉಗ್ರಾಣ ನೋಡಿಕೊಂಡವನ ಕಥೆ ಕೇಳುವವರೇ ಇಲ್ಲ. ಹಾಗಾಗಿ ಮುಂದಿನ ಸಂಚಿಕೆಯಲ್ಲೂ ಝೂಗೆ ಲಿಯಾಂಗ್‌ಗೆ ಜಾಗ ಇಲ್ಲ. ಬೈದು ಬರೆಯಿರಿ, ಹಾಕುತ್ತೇವೆ.