ಕೊಂಡ ವರ್ಷದೊಳಗೇ ಸಾಲ ವರ್ಗಾವಣೆ: ಬಡ್ಡಿಯ ಲೆಕ್ಕ ಬೇರೆ, ಟಾಪ್‌ಅಪ್‌ನ ಲೆಕ್ಕ ಬೇರೆ

ಪ್ರಶ್ನೆ: ಬಾಡಿಗೆಗೆ ಕೊಡುವ ಉದ್ದೇಶದಿಂದ 8 ತಿಂಗಳ ಹಿಂದೆ ಮಣಿಪಾಲದಲ್ಲಿ 58 ಲಕ್ಷ ರೂಪಾಯಿಗೆ ಫ್ಲ್ಯಾಟ್ ಖರೀದಿಸಿದೆ. ಗೃಹಸಾಲ ಕಂಪನಿಯೊಂದರಿಂದ ಶೇ 9.4ರ ಚರ ಬಡ್ಡಿಯಲ್ಲಿ, 20 ವರ್ಷಕ್ಕೆ, 40 ಲಕ್ಷ ಸಾಲ ಪಡೆದಿದ್ದೇನೆ. ಬಾಡಿಗೆ ತಿಂಗಳಿಗೆ 19 ಸಾವಿರ. ಈಗ ಬ್ಯಾಂಕೊಂದು ಶೇ 8.5ಕ್ಕೆ ಈ ಸಾಲವನ್ನು ವರ್ಗಾಯಿಸಿಕೊಂಡು, ಅದರ ಮೇಲೆ 10 ಲಕ್ಷ ಟಾಪ್‌ಅಪ್ (ಅದೇ ಆಸ್ತಿಯ ಮೇಲೆ ಹೆಚ್ಚುವರಿ ಸಾಲ) ಕೊಡುವುದಾಗಿ ಹೇಳುತ್ತಿದೆ. ಅದೇ ಕಟ್ಟಡದ ಅಷ್ಟೇ ವಿಸ್ತೀರ್ಣದ ಫ್ಲ್ಯಾಟ್ ಈಚೆಗೆ 68 ಲಕ್ಷಕ್ಕೆ ಮಾರಾಟವಾಗಿದೆ. ಟಾಪ್‌ಅಪ್ ಹಣವನ್ನು ಸುರತ್ಕಲ್‌ನಲ್ಲಿ ಇನ್ನೊಂದು ಫ್ಲ್ಯಾಟಿಗೆ ಮುಂಗಡವಾಗಿ ಕೊಡಬಹುದೇ? (ಓದುಗರು, ಉಡುಪಿ)

ಉತ್ತರ: ನೀವು ಒಂದೇ ಪ್ರಶ್ನೆಯಾಗಿ ಕೇಳಿರುವುದು ವಾಸ್ತವವಾಗಿ ಎರಡು ಬೇರೆ ಬೇರೆ ತೀರ್ಮಾನಗಳು. ಸಾಲವನ್ನು ವರ್ಗಾಯಿಸಿ, ಟಾಪ್‌ಅಪ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮ ಈಗಿನ ಮಾಸಿಕ ಕಂತು ಸುಮಾರು 37 ಸಾವಿರ ರೂಪಾಯಿ. ಈ 8 ತಿಂಗಳಲ್ಲಿ ನೀವು ಕಟ್ಟಿರುವ ಸುಮಾರು 2.96 ಲಕ್ಷದಲ್ಲಿ ಅಸಲಿಗೆ ಸಂದಿರುವುದು 47 ಸಾವಿರದಷ್ಟು ಮಾತ್ರ, ಉಳಿದದ್ದೆಲ್ಲ ಬಡ್ಡಿ. ಸಾಲದ ಆರಂಭದ ವರ್ಷಗಳಲ್ಲಿಯೇ ಬಡ್ಡಿಯ ಪಾಲು ಹೆಚ್ಚಿರುವುದರಿಂದ, ದರ ಇಳಿಸಿಕೊಳ್ಳಲು ಇದು ತಕ್ಕ ಸಮಯ. ಉಳಿದಿರುವ 39.53 ಲಕ್ಷವನ್ನು ಉಳಿದ ಅವಧಿಗಷ್ಟೇ ಶೇ 8.5ಕ್ಕೆ ವರ್ಗಾಯಿಸಿದರೆ ಕಂತು 34,750ರ ಆಸುಪಾಸಿಗೆ ಇಳಿಯುತ್ತದೆ. ಅವಧಿಯನ್ನು ಮತ್ತೆ 20 ವರ್ಷಕ್ಕೆ ಎಳೆಯಲು ಮಾತ್ರ ಒಪ್ಪಬೇಡಿ. ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಹಕ್ಕುಪತ್ರವನ್ನು ಬ್ಯಾಂಕಿಗೆ ಅಡಮಾನವಾಗಿ ಒಪ್ಪಿಸುವಾಗಿನ ಮುದ್ರಾಂಕ ಶುಲ್ಕ ಎಲ್ಲ ಸೇರಿ 40 ಸಾವಿರ ಆಗುತ್ತದೆಂದುಕೊಂಡರೂ ಸುಮಾರು 18 ತಿಂಗಳಲ್ಲಿ ಅದು ಹಿಂದಕ್ಕೆ ಬರುತ್ತದೆ. ವ್ಯಕ್ತಿಗಳು ಪಡೆದ ಚರ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಆದರೆ ನಿಮ್ಮ ಕರಾರಿನಲ್ಲಿ ಮೊದಲ ಕೆಲವು ವರ್ಷ ಸ್ಥಿರ ಬಡ್ಡಿ ಎಂದಿದೆಯೇ ಎಂಬುದನ್ನು ಓದಿ ನೋಡಿ. ಅರ್ಜಿ ಹಾಕುವ ಮೊದಲು ಈಗಿನ ಕಂಪನಿಗೇ ಪತ್ರ ಬರೆದು ದರ ಇಳಿಸಲು ಕೇಳಿ. ಸಣ್ಣ ಶುಲ್ಕಕ್ಕೆ ಅವರೇ ಒಪ್ಪಿದರೆ ಇಷ್ಟೆಲ್ಲ ಓಡಾಟ ಬೇಕಿಲ್ಲ.

ಇನ್ನು ಟಾಪ್‌ಅಪ್. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿರುವ ಮಿತಿ ಆಸ್ತಿಯ ಮೌಲ್ಯದ ಶೇ 80. ಪಕ್ಕದ ಫ್ಲ್ಯಾಟ್ 68 ಲಕ್ಷಕ್ಕೆ ಹೋಗಿರಬಹುದು, ಆದರೆ ಕ್ರಯಪತ್ರವಾಗಿ ವರ್ಷವೂ ತುಂಬದ ಆಸ್ತಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಕ್ರಯಪತ್ರದ ಮೊತ್ತ ಮತ್ತು ಮೌಲ್ಯಮಾಪಕರ ವರದಿ ಇವೆರಡರಲ್ಲಿ ಕಡಿಮೆಯಿರುವುದನ್ನೇ ಹಿಡಿಯುತ್ತವೆ. 58 ಲಕ್ಷದ ಶೇ 80 ಎಂದರೆ 46.4 ಲಕ್ಷ. ಹಳೆಯ ಬಾಕಿ ಕಳೆದರೆ ನಿಮಗೆ ಉಳಿಯುವುದು 7 ಲಕ್ಷಕ್ಕಿಂತ ಕಡಿಮೆ. ಬಾಯಿಮಾತಿನ 10 ಲಕ್ಷವನ್ನು ನಂಬಿ ಸುರತ್ಕಲ್‌ನವರಿಗೆ ಮುಂಗಡ ಕೊಟ್ಟು, ಆಮೇಲೆ ಮಂಜೂರಾತಿ ಪತ್ರದಲ್ಲಿ ಕಡಿಮೆ ಮೊತ್ತ ಬಂದರೆ, ಆ ಮುಂಗಡ ಅಪಾಯಕ್ಕೆ ಸಿಲುಕುತ್ತದೆ.

10 ಲಕ್ಷ ಪೂರ್ತಿ ಸಿಕ್ಕರೂ ನನ್ನ ಅಭಿಪ್ರಾಯ ಬದಲಾಗದು. ಅದೇ ದರದಲ್ಲಿ ಲೆಕ್ಕ ಹಾಕಿದರೂ ಕಂತು ಸುಮಾರು 8,700 ಏರಿ ಒಟ್ಟು 43 ಸಾವಿರ ದಾಟುತ್ತದೆ, ಅಂದರೆ ಇಂದು ಕಟ್ಟುತ್ತಿರುವುದಕ್ಕಿಂತಲೂ ಹೆಚ್ಚು. ಬಾಡಿಗೆ ಕಳೆದು ಈಗಲೇ ತಿಂಗಳಿಗೆ 18 ಸಾವಿರ ಕೈಯಿಂದ ಹಾಕುತ್ತಿದ್ದೀರಿ. ಬಾಡಿಗೆದಾರರು ಬಿಟ್ಟುಹೋಗಿ ಫ್ಲ್ಯಾಟ್ ಎರಡು ತಿಂಗಳು ಖಾಲಿ ಬಿದ್ದರೆ, ಮೇಂಟೆನೆನ್ಸ್ ಸಹಿತ ಪೂರ್ತಿ ಕಂತು ನಿಮ್ಮ ಸಂಬಳದ ಮೇಲೆಯೇ ಬೀಳುತ್ತದೆ, ಸುರತ್ಕಲ್‌ನ ಫ್ಲ್ಯಾಟಿನ ಉಳಿದ ಹಣಕ್ಕೆ ಸಾಲ ಮಾಡಿದರೆ ಅದರ ಕಂತೂ ಜೊತೆಗಿರುತ್ತದೆ.

ತೆರಿಗೆಯ ವಿಷಯ ಸಂಕ್ಷಿಪ್ತವಾಗಿ: ಹಳೆಯ ಸಾಲ ತೀರಿಸಲು ಪಡೆದ ಹೊಸ ಸಾಲದ ಬಡ್ಡಿಗೂ ಬಾಡಿಗೆ ಆದಾಯದಲ್ಲಿ ಕಡಿತ ಸಿಗುತ್ತದೆ, ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆಯ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯುವಂತಿಲ್ಲ.

ವರ್ಗಾವಣೆಯಾದ ಮೇಲೆ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಹಳೆಯ ಕಂಪನಿಯ ಅಡಮಾನ ರದ್ದಾದ ನಮೂದು ಅದರಲ್ಲಿ ಕಾಣಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಬಿಟ್ಟುಕೊಟ್ಟು ಋಣಭಾರ ತೆಗೆಸದಿದ್ದರೆ, ವಿಳಂಬಕ್ಕೆ ಸಾಲ ಕೊಟ್ಟವರೇ ಕಾರಣವಾಗಿದ್ದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.