ಫೋಟೊ ಇದ್ದರೆ ಸಾಲದೇ?

ಮೂಲನಿವಾಸಿಗಳ ನೇಯ್ಗೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದಿದ್ದೀರಿ: "ಎಲ್ಲ ಚಿತ್ತಾರಗಳ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಇಟ್ಟರೆ ಸಂಸ್ಕೃತಿ ಉಳಿಯುತ್ತದೆ ಅಲ್ವಾ? ಹುಡುಗಿಯರನ್ನು ತಿಂಗಳುಗಟ್ಟಲೆ ಮಗ್ಗದ ಮುಂದೆ ಯಾಕೆ ಕೂರಿಸಬೇಕು?" ನ್ಯಾಯವಾದ ಪ್ರಶ್ನೆಯೇ. ಆದರೂ ಫೋಟೊ ಸಾಲದು ಅಂತಲೇ ನಾನು ಹೇಳುತ್ತೇನೆ.

ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದ ಟಿಬೋಲಿ ಜನರ ಟಿನಲಾಕ್ ಬಟ್ಟೆಯನ್ನೇ ನೋಡಿ. ಅದರ ನೂಲು ಹತ್ತಿಯದಲ್ಲ. ಅಬಾಕ ಎಂಬ ಬಾಳೆ ಜಾತಿಯ ಗಿಡದ ನಾರು. ಒಂದೊಂದೇ ಎಳೆಗೆ ಕೈಯಲ್ಲಿ ಗಂಟು ಹಾಕಿ ಉದ್ದ ಮಾಡುತ್ತಾರೆ. ಆಮೇಲೆ ಹಾಸಿನ ಎಳೆಗಳನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ಎಳೆಗಳನ್ನು, ಚಾಚಿ, ಬಣ್ಣ ತಾಗಬಾರದ ಕಡೆಯೆಲ್ಲ ದಾರ ಬಿಗಿದು, ಬಣ್ಣದಲ್ಲಿ ಅದ್ದುತ್ತಾರೆ. ಕಪ್ಪು, ಕೆಂಪು ಎರಡೂ ಗಿಡದಿಂದಲೇ ಬಂದವು. ಅಂದರೆ ನೇಯುವ ಮೊದಲೇ ಎಳೆಯಲ್ಲಿ ಚಿತ್ತಾರ ಕೂತಿರುತ್ತದೆ. ಎದುರಿಗೆ ಇಟ್ಟುಕೊಂಡು ನೋಡಲು ನಕ್ಷೆ ಇಲ್ಲ. ಎಲ್ಲಿ ಬಿಗಿಯಬೇಕು ಅನ್ನುವುದು ದಾರ ಬಿಗಿಯುವ ಹೆಂಗಸಿನ ನೆನಪಿನಲ್ಲಿದೆ. ಅಬಾಕ ಗಿಡವನ್ನು ಕಾಯುವ ಫು ದಾಲು ಎಂಬ ದೈವ ಕನಸಿನಲ್ಲಿ ಬಂದು ಚಿತ್ತಾರ ಕೊಡುತ್ತದೆ ಎಂದು ಅವರು ನಂಬುತ್ತಾರೆ. ನೇಯ್ದ ಬಟ್ಟೆಯನ್ನು ದಾಟುವುದೂ ತಪ್ಪು. ಇದರಲ್ಲಿ ಫೋಟೊಗೆ ಸಿಗುವುದು ಎಷ್ಟು, ನೀವೇ ಹೇಳಿ.

ಗ್ವಾಟೆಮಾಲಾದ ಮೂಲನಿವಾಸಿಗಳಾದ ಮಾಯಾ ಜನರ ಹೆಂಗಸರ ಮಗ್ಗ ಇನ್ನೊಂದು ಥರ. ಒಂದು ತುದಿ ಮರಕ್ಕೋ ಕಂಬಕ್ಕೋ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ವಾಲಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಅವಳು ಎದ್ದರೆ ಅಲ್ಲಿ ಉಳಿಯುವುದು ನಾಲ್ಕಾರು ಕೋಲು, ಒಂದಿಷ್ಟು ನೂಲು. ಎಷ್ಟು ವಾಲಬೇಕು ಅನ್ನುವುದನ್ನು ಅಮ್ಮನ ಪಕ್ಕದಲ್ಲಿ ಕೂತೇ ಕಲಿಯಬೇಕು.

ಫೋಟೊ ಯಾರ ಕೈಗೆ ಹೋಗುತ್ತದೆ ಅನ್ನುವ ಚಿಂತೆಯೂ ಇದೆ. ಅದೇ ಚಿತ್ತಾರವನ್ನು ಯಂತ್ರದಲ್ಲಿ ಅಚ್ಚು ಹಾಕಿ ಅಗ್ಗಕ್ಕೆ ಮಾರಿದರೆ ಕೈಯಲ್ಲಿ ನೇಯುವವಳ ಹೊಟ್ಟೆಗೆ ಪೆಟ್ಟು. ಮೂಲನಿವಾಸಿಗಳ ಕಲೆಯನ್ನು ಅವರ ಒಪ್ಪಿಗೆ ಇಲ್ಲದೆ ಬಳಸುವುದರ ವಿರುದ್ಧ ಮೆಕ್ಸಿಕೊ 2022ರಲ್ಲಿ ಕಾನೂನನ್ನೇ ತಂದಿತು.

ಹುಡುಗಿಯರ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಬಲವಂತ ಖಂಡಿತ ಬೇಡ. ಸುಮ್ನೆ 'ಪರಂಪರೆ ಉಳಿಸಿ' ಅಂದರೆ ಯಾರೂ ಬಂದು ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಬದುಕಿಗೆ ದಾರಿಯಾಗಬೇಕು. ಫಿಲಿಪ್ಪೀನ್ಸ್ 1992ರ ಕಾನೂನಿನಲ್ಲಿ ಮಾಡಿದ್ದು ನನಗೆ ತುಂಬ ಹಿಡಿಸಿತು. ದೊಡ್ಡ ಕುಶಲಕರ್ಮಿಗಳಿಗೆ ಬಿರುದಿನ ಜೊತೆಗೆ ತಿಂಗಳ ಭತ್ಯೆ, ಅದರೊಂದಿಗೆ ಎಳೆಯರಿಗೆ ಕಲಿಸುವ ಹೊಣೆ. ಟಿನಲಾಕ್ ನೇಯುತ್ತಿದ್ದ ಲಾಂಗ್ ದುಲಾಯ್ ಅವರಿಗೆ ಈ ಬಿರುದು 1998ರಲ್ಲಿ ಬಂತು. ಅವರು 2015ರಲ್ಲಿ ತೀರಿಕೊಂಡರು. ಅವರ ಊರು ಲೇಕ್ ಸೆಬುವಿನಲ್ಲಿ ಹೆಂಗಸರು ಇವತ್ತಿಗೂ ಟಿನಲಾಕ್ ನೇಯುತ್ತಿದ್ದಾರೆ.