ನೋವು ನಿಂತ ದಿನವೇ ಮಾತ್ರೆಯೂ ನಿಂತಾಗ: ಮರುಕಳಿಸಿದ ಪೆರಿಕಾರ್ಡೈಟಿಸ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ. ಇಲ್ಲಿರುವ ಡೋಸ್‌ಗಳು ಈ ವ್ಯಕ್ತಿಗೆ ಅವರ ವೈದ್ಯರು ಬರೆದುಕೊಟ್ಟವು. ಓದಿ ಸ್ವಂತಕ್ಕೆ ಹೊಂದಿಸಿಕೊಳ್ಳುವಂಥವಲ್ಲ.)

ಮೂವತ್ತನಾಲ್ಕರ ಗಂಡಸು, ತೂಕ 62 ಕೆಜಿ, ದಿನಾ ಓಡುವ ಅಭ್ಯಾಸ. ಏಳು ತಿಂಗಳಲ್ಲಿ ಮೂರನೇ ಸಲ ಪೆರಿಕಾರ್ಡೈಟಿಸ್, ಅಂದರೆ ಹೃದಯದ ಹೊರಪೊರೆಯ ಉರಿಯೂತ. ಉಸಿರೆಳೆದರೆ ಚುಚ್ಚುವ ಎದೆನೋವು. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಇಸಿಜಿ, ಎಕೋ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡಿದ ಹೃದಯ ತಜ್ಞರು ಇದು ಹೃದಯಾಘಾತವಲ್ಲ ಎಂದು ಹೇಳಿಯಾಗಿತ್ತು. ಆದರೂ ಅವರಿಗೆ ರಾತ್ರಿ ಮಲಗಲು ಭಯ. ಜೊತೆಗೆ, "ಸ್ಟೀರಾಯ್ಡ್ ನನ್ನನ್ನು ಹಿಡಿದುಕೊಂಡುಬಿಟ್ಟಿದೆ, ಇನ್ನು ಬಿಡೋದಿಲ್ಲ" ಎಂಬ ಗಟ್ಟಿ ನಂಬಿಕೆ.

ಹಳೆಯ ಚೀಟಿ, ಖಾಲಿ ಸ್ಟ್ರಿಪ್, ಲ್ಯಾಬ್ ವರದಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದಾಗ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮೊದಲ ಸಲ ಬರೆದಿದ್ದು ಐಬುಪ್ರೊಫೆನ್ 600 ಮಿ.ಗ್ರಾಂ 8 ಗಂಟೆಗೊಮ್ಮೆ, ಹೊಟ್ಟೆ ಕಾಯಲು ಪ್ಯಾಂಟೊಪ್ರಜೋಲ್, ಮತ್ತು ಉರಿಯೂತ ತಗ್ಗಿಸುವ ಕಾಲ್ಚಿಸಿನ್ 0.5 ಮಿ.ಗ್ರಾಂ ದಿನಕ್ಕೊಂದು, 3 ತಿಂಗಳು. ಐದನೇ ದಿನ ನೋವು ಹೋಯಿತು, ಆರನೇ ದಿನ ಎಲ್ಲ ಮಾತ್ರೆಯೂ ನಿಂತಿತು. ಅದೇ ಆರನೇ ದಿನದ ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ, ಅಂದರೆ ಮೈಯೊಳಗಿನ ಉರಿಯೂತದ ಅಳತೆ, 31. ಆ ಲ್ಯಾಬಿನ ಲೆಕ್ಕದಲ್ಲಿ 5ರೊಳಗಿರಬೇಕು. ವರದಿಯನ್ನು ತೆಗೆದು ನೋಡಿದವರೇ ಇಲ್ಲ. ಬೂದಿ ಮುಚ್ಚಿದ ಕೆಂಡದ ಮೇಲೆ ಹತ್ತನೇ ದಿನ 8 ಕಿ.ಮೀ. ಓಟ. ಆರು ವಾರಕ್ಕೆ ಎರಡನೇ ದಾಳಿ. ಆಗ ಬೇರೆ ಕಡೆ ಕೊಟ್ಟ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 40 ಮಿ.ಗ್ರಾಂ ಹತ್ತು ದಿನ ತಿಂದು ಒಮ್ಮೆಗೇ ಬಿಟ್ಟರು. ಮೂರನೇ ದಾಳಿ ಅದರ ಫಲ.

ಅವರಿಗೆ ಮೊದಲು ಅರ್ಥ ಮಾಡಿಸಿದ್ದು ಇದು: ಔಷಧಿ ನಿಲ್ಲಿಸುವ ಸಮಯವನ್ನು ನೋವೊಂದೇ ಹೇಳಲಾರದು. ನೋವಿಲ್ಲದಿರಬೇಕು, ಸಿಆರ್‌ಪಿಯೂ ಸಹಜಕ್ಕೆ ಬಂದಿರಬೇಕು. ಆಮೇಲಷ್ಟೇ ಇಳಿಸುವ ಮಾತು. ಸ್ಟೀರಾಯ್ಡ್ ನೋವನ್ನು ಬೇಗ ಅಡಗಿಸುತ್ತದೆ ನಿಜ. ಆದರೆ ದೊಡ್ಡ ಡೋಸ್ ಕೊಟ್ಟು ಬೇಗ ನಿಲ್ಲಿಸಿದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ, ಬೇಕೇಬೇಕು ಎಂದಾದಾಗ, ಕೆಜಿಗೆ ದಿನಕ್ಕೆ 0.2ರಿಂದ 0.5 ಮಿ.ಗ್ರಾಂನಷ್ಟು ಸಣ್ಣ ಡೋಸ್ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಚಟ ಎಂಬ ಪದ ಇಲ್ಲಿಗೆ ಹೊಂದುವುದೇ ಇಲ್ಲ. ಆರದ ಉರಿಯೂತದ ಮುಚ್ಚಳ ತೆಗೆದಿದ್ದಷ್ಟೇ ಆಗಿದ್ದು.

ಕಾಲ್ಚಿಸಿನ್ ಕಥೆ ಇನ್ನೊಂದು. ಎರಡನೇ ದಾಳಿಯ ಹೊತ್ತಿಗೆ, ಪರಿಚಯದವರೊಬ್ಬರು ದಿನಕ್ಕೆರಡು ತಿಂದು ಗುಣವಾದರು ಎಂದು ಕೇಳಿ, ಉಳಿದಿದ್ದ ಮಾತ್ರೆಗಳನ್ನು ಇವರೂ ಎರಡೆರಡು ತಿಂದರು. ಭೇದಿ ಹತ್ತಿತು. "ನನ್ನ ಮೈಗೆ ಒಗ್ಗೋದಿಲ್ಲ" ಎಂದು ಪಟ್ಟಿಯಿಂದಲೇ ಅಳಿಸಿಬಿಟ್ಟರು. ದಿನಕ್ಕೆರಡು 70 ಕೆಜಿ ಮತ್ತು ಮೇಲಿನವರಿಗೆ; ಅದಕ್ಕಿಂತ ಕಡಿಮೆ ತೂಕದವರಿಗೆ ಒಂದೇ. ಕಾಯಿಲೆ ಮರಳುವ ಸಾಧ್ಯತೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವ ಮಾತ್ರೆಯನ್ನು ಹೀಗೆ ಕಳೆದುಕೊಂಡಿದ್ದರು. ಮತ್ತೆ ಒಂದೇ ಮಾತ್ರೆ, ರಾತ್ರಿ ಊಟದ ನಂತರ ಶುರುವಾಯಿತು. ಮರುಕಳಿಸಿದ ಕಾಯಿಲೆಯಾದ್ದರಿಂದ ಈ ಸಲ ಕನಿಷ್ಠ 6 ತಿಂಗಳು. ಮೊದಲ ವಾರ ಸ್ವಲ್ಪ ಸಡಿಲ ಭೇದಿಯಾದರೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಜೋರು ಭೇದಿ, ವಾಂತಿ, ತೊಡೆ–ತೋಳಿನ ಸ್ನಾಯು ಸೋತಂತಾದರೆ ಮಾತ್ರ ಅಂದಿನ ಮಾತ್ರೆ ಬಿಟ್ಟು ತಕ್ಷಣ ಫೋನ್.

ಹೆಂಡತಿಯ ಪ್ರಶ್ನೆ ಒಳ್ಳೆಯದಿತ್ತು: "ಹೃದಯದ ಸೋಂಕಿಗೆ ಆ್ಯಂಟಿಬಯೋಟಿಕ್ ಯಾಕೆ ಕೊಟ್ಟಿಲ್ಲ? ಮನೇಲಿ ಒಂದು ಸ್ಟ್ರಿಪ್ ಉಳಿದಿದೆ." ಚೀಲದಿಂದ ತೆಗೆದಿದ್ದು ಕ್ಲಾರಿಥ್ರೊಮೈಸಿನ್. ಕಾಲ್ಚಿಸಿನ್ ಜೊತೆ ತೆಗೆದುಕೊಳ್ಳಲೇಬಾರದಂಥದ್ದು! ಅದು ಕಾಲ್ಚಿಸಿನ್ ದೇಹದಿಂದ ಹೊರಹೋಗುವ ದಾರಿಯನ್ನೇ ಕಟ್ಟುತ್ತದೆ; ಸಣ್ಣ ಡೋಸ್ ಕೂಡ ವಿಷದ ಮಟ್ಟಕ್ಕೇರಬಹುದು, ಮೂತ್ರಪಿಂಡ ದುರ್ಬಲವಿದ್ದರೆ ಇನ್ನೂ ಬೇಗ. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ಬಿಪಿ–ಹೃದಯಕ್ಕೆ ಕೊಡುವ ವೆರಪಾಮಿಲ್, ಡಿಲ್ಟಿಯಾಜೆಮ್‌ಗೂ ಇದೇ ಎಚ್ಚರಿಕೆ. ಯಾವುದೇ ವೈದ್ಯರ ಬಳಿ ಹೋದರೂ ಮೊದಲ ವಾಕ್ಯ "ನಾನು ಕಾಲ್ಚಿಸಿನ್ ಮೇಲಿದ್ದೇನೆ" ಎಂದಿರಲಿ ಎಂದು ಚೀಟಿಯ ಮೇಲೇ ಬರೆದುಕೊಟ್ಟಾಯಿತು. ಇನ್ನು ಅವರ ಪ್ರಶ್ನೆಗೆ ಉತ್ತರ: ಇಂಥ ಬಹುಪಾಲು ಪ್ರಕರಣಗಳಲ್ಲಿ ಕಾರಣ ವೈರಸ್, ಇಲ್ಲವೇ ಕಾರಣ ಸಿಗುವುದೇ ಇಲ್ಲ, ಎರಡಕ್ಕೂ ಆ್ಯಂಟಿಬಯೋಟಿಕ್ ಉಪಯೋಗವಿಲ್ಲ. ಬ್ಯಾಕ್ಟೀರಿಯಾ ಕವಾಟಕ್ಕೆ ಹತ್ತುವ ಎಂಡೋಕಾರ್ಡೈಟಿಸ್ ಬೇರೆಯೇ ಕಾಯಿಲೆ. ಅಲ್ಲಿ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧಿ, ಅದೂ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆದ ಮೇಲೆ. ಮನೆಯ ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಮೊದಲೇ ನುಂಗಿದ್ದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಹೋಗಬಹುದು. ಕ್ಷಯದ ಪೆರಿಕಾರ್ಡೈಟಿಸ್ ಅಲ್ಲವೆಂದು ಖಚಿತಪಡಿಸಿಕೊಂಡೇ ಇವರ ವೈದ್ಯರು ಈ ಸಲ ಮತ್ತೆ ಸ್ಟೀರಾಯ್ಡ್ ಬರೆದಿದ್ದರು.

ಬೆಳಗಿನ ಜಾವದ ನೋವಿಗೆ ಕಾರಣ ಗಡಿಯಾರದಲ್ಲಿತ್ತು. ಐಬುಪ್ರೊಫೆನ್ ತಿನ್ನುತ್ತಿದ್ದುದು 8ಕ್ಕೆ, 1ಕ್ಕೆ, ಸಂಜೆ 7ಕ್ಕೆ. ರಾತ್ರಿ 13 ಗಂಟೆ ಖಾಲಿ. 6, 2, 10ಕ್ಕೆ ಬದಲಿಸಿ, ಪ್ರತಿ ಸಲ ಏನಾದರೂ ತಿಂದು ನುಂಗಲು ಹೇಳಲಾಯಿತು. ತಲೆದಿಂಬು ಎತ್ತರಿಸಿದರು. ಮೂರೇ ರಾತ್ರಿಯಲ್ಲಿ ನಿದ್ದೆ ಬಂತು. ಭಯದ ಅರ್ಧ ಭಾಗ ಅಲ್ಲೇ ಇಳಿಯಿತು.

ಪ್ರೆಡ್ನಿಸೊಲೋನ್ 25 ಮಿ.ಗ್ರಾಂನಿಂದ ಶುರು. 15ಕ್ಕೆ ಬರುವ ತನಕ ಮೂರು ವಾರಕ್ಕೊಮ್ಮೆ 2.5 ಇಳಿಕೆ, ಅಲ್ಲಿಂದ ಕೆಳಗೆ ನಾಲ್ಕು ವಾರಕ್ಕೊಮ್ಮೆ 2.5. ಎಲ್ಲ ಸುಗಮವಾದರೂ 36 ವಾರ. ಲೆಕ್ಕ ಕೇಳಿ ಮುಖ ಬಾಡಿತು, ಆದರೆ ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಲೇಸು. ಪ್ರತಿ ಮೆಟ್ಟಿಲಿಗೆ ಮೊದಲು ಸಿಆರ್‌ಪಿ, ನಡುನಡುವೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಬಿಪಿ, ಸಕ್ಕರೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಇಳಿಸುವ ಕ್ರಮ: ಮೊದಲು ಸ್ಟೀರಾಯ್ಡ್, ನಂತರ ಐಬುಪ್ರೊಫೆನ್, ಕೊನೆಗೆ ಕಾಲ್ಚಿಸಿನ್. ಒಂದೇ ಸಲ ಎರಡಕ್ಕೆ ಕೈ ಹಾಕಿದರೆ, ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಸಾಮಾನ್ಯವಾಗಿ ಎಡವುವುದು ಸ್ಟೀರಾಯ್ಡ್ 15ರಿಂದ 10 ಮಿ.ಗ್ರಾಂಗೆ ಇಳಿಯುವ ನಡುವೆ. ಆಗ ನೋವು ಬಂದರೆ ತಾವಾಗಿ 40ಕ್ಕೆ ಏರಿಸಬಾರದು. ಏರಿಸಿದರೆ ಮತ್ತೆ ಮೊದಲಿನಿಂದ ಇಳಿಯಬೇಕು. ಡೈರಿಯಲ್ಲಿ ನೋವು 0–10, ಬಾಗಿದಾಗ ತಗ್ಗಿತೇ, ಜ್ವರ ಎಷ್ಟು, ಮಾತ್ರೆ ಯಾವ ಹೊತ್ತಿಗೆ ಎಂದು ಬರೆದು ಫೋನ್ ಮಾಡುವುದು. ಸ್ಟೀರಾಯ್ಡ್ ಇಳಿಸುವಾಗ ಮೈಕೈ, ಕೀಲು ನೋಯುವುದುಂಟು. ಸಿಆರ್‌ಪಿ ಏರದಿದ್ದರೆ ಅದು ಪೆರಿಕಾರ್ಡೈಟಿಸ್ ಅಲ್ಲದಿರಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ಉಳಿಯದಿದ್ದರೆ ಕಾಯದೆ ಆಸ್ಪತ್ರೆ, ಏಕೆಂದರೆ ವಾರಗಟ್ಟಲೆ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಸ್ಟೀರಾಯ್ಡನ್ನು ಕೂಡಲೇ ತಯಾರಿಸಲಾರದು. ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು, ಕುತ್ತಿಗೆಯ ನರ ಉಬ್ಬುವುದು ಕಂಡರೆ ತುರ್ತು ವಿಭಾಗ: ಪೊರೆಯೊಳಗೆ ನೀರು ತುಂಬಿ ಹೃದಯ ಅದುಮುತ್ತಿರಬಹುದು.

ಓಟ ಬಂದ್, ಕನಿಷ್ಠ 3 ತಿಂಗಳು. ನಂತರವೂ ಸಿಆರ್‌ಪಿ, ಇಸಿಜಿ, ಎಕೋ ಸರಿಯಿದ್ದರಷ್ಟೇ. ಅವರು ಅತಿ ಹೆಚ್ಚು ವಾದ ಮಾಡಿದ್ದು ಇದಕ್ಕೇ. ಸ್ಟೀರಾಯ್ಡ್ ಬಿಡಿಸಲಾಗದೆ ಹೋದರೆ ಅನಕಿನ್ರಾ, ರಿಲೊನಸೆಪ್ಟ್ ಎಂಬ ಚುಚ್ಚುಮದ್ದುಗಳಿವೆ, ಎರಡನೆಯದಕ್ಕೆ ಅಮೆರಿಕದಲ್ಲಿ 2021ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿದೆ ಎಂದೂ ತಿಳಿಸಲಾಯಿತು. ದಾರಿ ಮುಗಿದಿಲ್ಲ ಎಂಬುದು ಗೊತ್ತಿರಲಿ ಎಂದು.

ಹದಿನೆಂಟನೇ ವಾರ, 12.5 ಮಿ.ಗ್ರಾಂನಲ್ಲಿರುವಾಗ ಫೋನ್ ಬಂತು: ಭುಜ, ಮಂಡಿ ನೋವು. ಎದೆ ಸುಮ್ಮನಿತ್ತು, ಸಿಆರ್‌ಪಿ 2. ವೈದ್ಯರು ಅದೇ ಡೋಸನ್ನು ಎರಡು ವಾರ ಹೆಚ್ಚು ಮುಂದುವರಿಸಿ, ಆಮೇಲೆ 10ಕ್ಕೆ ಇಳಿಸಿದರು.